ಅತ್ತೆಯ ಕೋವಿ, ನನ್ನ ಪ್ರಿಂಟರು

ನಮ್ಮ ಮನೆಯ ಬಟ್ಟೆ ಬೀರುವಿನೊಳಗೆ ಮಳೆಗಾಲ ಪೂರ್ತಿ ಒಂದು ಬಲ್ಬು ಉರಿಯುತ್ತಿರುತ್ತದೆ. ಬಯಲುಸೀಮೆಯಿಂದ ಬಂದ ನೆಂಟರು ಬೀರುವಿನ ಸಂದಿಯಲ್ಲಿ ಇಣುಕುವ ಹಳದಿ ಬೆಳಕನ್ನು ಕಂಡು, ಒಳಗೆ ದೇವರನ್ನು ಕೂರಿಸಿದ್ದೀರಾ ಎಂದು ಕೇಳುವುದುಂಟು. ದೇವರಲ್ಲ ಸ್ವಾಮಿ, ನನ್ನ ಹೆಂಡತಿ ಸುಮಳ ರೇಷ್ಮೆ ಸೀರೆಗಳು. ಆಷಾಢ ಶ್ರಾವಣಗಳಲ್ಲಿ ಗೋಣಿಕೊಪ್ಪಲಿನಲ್ಲಿ ಬೂಷ್ಟು ಹಿಡಿಯದೆ ಉಳಿಯುವುದು ಎರಡೇ: ಉರಿಯುವ ಒಲೆ ಮತ್ತು ನನ್ನ ಶಾರದತ್ತೆಯ ನಾಲಿಗೆ. ಮಿಕ್ಕ ಸಕಲ ಚರಾಚರಗಳೂ, ಚಪ್ಪಲಿಯಿಂದ ಹಿಡಿದು ಪಂಚಾಂಗದವರೆಗೆ, ಮತ್ತೆ ಬಿಸಿಲು ಕಾಣುವಷ್ಟರಲ್ಲಿ ಹಸಿರು ತುಪ್ಪಳ ಹೊದ್ದಿರುತ್ತವೆ. ಆದ್ದರಿಂದ ಬೀರುವಿಗೊಂದು ಬಲ್ಬು. ಕಳೆದ ಮಳೆಗಾಲದಲ್ಲಿ ಆ ಬೆಚ್ಚನೆಯ ಗರ್ಭಗುಡಿಯಿಂದ ಅರ್ಧಕ್ಕರ್ಧ ಸೀರೆಗಳು ಹೊರಬಿದ್ದು, ಅವುಗಳ ಜಾಗದಲ್ಲಿ ಫೋಟೋ ಕಾಗದದ ಕಟ್ಟುಗಳು ಕುಳಿತವು. ಅದರಿಂದ ನಮ್ಮ ಸಂಸಾರದಲ್ಲಿ ಎದ್ದ ಬಿರುಗಾಳಿಯ ವರ್ಣನೆ ಬೇಡ. ಅದಕ್ಕೆ ಕಾರಣವಾದ ಕಥೆಯನ್ನಷ್ಟೇ ಹೇಳುತ್ತೇನೆ.

ಶಾರದತ್ತೆ ನನ್ನ ತಂದೆಯ ತಂಗಿ. ಪಾಲಿಬೆಟ್ಟದ ಕಡೆಯ ಶಾಲೆಯೊಂದರಲ್ಲಿ ಅಪ್ಪಂದಿರ ಕಿವಿಯನ್ನೂ ಆಮೇಲೆ ಅವರ ಮಕ್ಕಳ ಕಿವಿಯನ್ನೂ ಹಿಂಡಿ, ಮದುವೆಯ ಗೊಡವೆಗೇ ಹೋಗದೆ, ನಿವೃತ್ತಿಯಾದ ಮೇಲೆ ನಮ್ಮೊಡನೆಯೇ ಇದ್ದಾರೆ. ಎಂಬತ್ತು ದಾಟಿದೆ. ಅವರು ಪ್ರಾಯದಲ್ಲಿದ್ದಾಗ ಒಂದು ಕೈಲ್ ಮುಹೂರ್ತದ ದಿನ, ಅಂದರೆ ಕೊಡವರು ಕೋವಿ ಕತ್ತಿಗಳಿಗೆ ಹೂವಿಟ್ಟು ಪೂಜಿಸುವ ಹಬ್ಬದ ದಿನ, ಗೆಳತಿ ಬೊಳ್ಳಮ್ಮನ ಮನೆಗೆ ಊಟಕ್ಕೆ ಹೋಗಿದ್ದರಂತೆ. ಬೊಳ್ಳಮ್ಮ ಪೂಜೆ ಮುಗಿದ ಕೋವಿಯನ್ನೆತ್ತಿ ಅತ್ತೆಯ ಕೈಗಿಟ್ಟರು. ಬೊಳ್ಳಮ್ಮನ ಅಣ್ಣ ಕ್ಯಾಮೆರಾ ಒತ್ತಿದರು. ನಳಿಗೆಯ ತುದಿಯಲ್ಲಿ ಆ ಹಬ್ಬಕ್ಕೆಂದೇ ಬೇಲಿಯಲ್ಲಿ ಅರಳುವ, ಬೆಂಕಿಯ ನಾಲಿಗೆಯಂಥ ಕೋವಿ ಹೂ. ಹೆಗಲಿಗೆ ಕೋವಿ ಆನಿಸಿ ನಿಂತ ಅರ್ಚಕರ ಮಗಳು.

ಚಿತ್ರ ಕೈಗೆ ಸಿಕ್ಕಿದಾಗ ಅರ್ಚಕರಾದ ನನ್ನ ಅಜ್ಜ, ಇದನ್ನು ನೋಡಿದರೆ ನಿನ್ನನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ಗುಡುಗಿ, ಹರಿದು ಒಲೆಗೆ ಹಾಕಿದರು. ಜೊತೆಯಲ್ಲಿ ಬಂದಿದ್ದ ನೆಗೆಟಿವ್ ಮಾತ್ರ ಅತ್ತೆಯ ಟ್ರಂಕಿನ ತಳ ಸೇರಿತು. ತಮ್ಮ ಆ ಚಿತ್ರವನ್ನು ಅತ್ತೆ ನೋಡಿದ್ದು ಅದೊಂದೇ ಸಲ, ಅದೂ ಬೈಗುಳದ ನಡುವೆ.

ಹೋದ ವರ್ಷ ಕಣ್ಣಿನ ಡಾಕ್ಟರು ಅತ್ತೆಯ ದೃಷ್ಟಿಯ ನಡುಭಾಗ ಸವೆಯುತ್ತಿದೆ, ಉಳಿದಷ್ಟನ್ನು ಜೋಪಾನ ಮಾಡಿಕೊಳ್ಳಿ ಎಂದರು. ಮನೆಗೆ ಬಂದವರೇ ಅತ್ತೆ ಟ್ರಂಕು ತೆಗೆದು, ನೆಗೆಟಿವನ್ನು ನನ್ನ ಅಂಗೈಯಲ್ಲಿಟ್ಟರು.

"ಇದನ್ನ ದೊಡ್ಡದು ಮಾಡಿ ಗೋಡೆಗೆ ಹಾಕು. ನಾನು ಸತ್ತ ಮೇಲಲ್ಲ ಮಾರಾಯ, ನನ್ನ ಕಣ್ಣು ಸಾಯೋ ಮೊದ್ಲು."

ನೆಗೆಟಿವಿನ ಒಂದು ಮೂಲೆಯ ಆಕಾಶವನ್ನು ಬೂಷ್ಟು ತಿಂದಿತ್ತು. ಅತ್ತೆಯನ್ನು ಮುಟ್ಟುವ ಧೈರ್ಯ ಅದಕ್ಕೂ ಬಂದಿರಲಿಲ್ಲ. ನಾನು ಅದನ್ನು ಬೆಳಕಿಗೊಡ್ಡಿ, ಕ್ಯಾಮೆರಾದಲ್ಲಿ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳುಪು ಮಾಡಿ ಬಿಳುಪನ್ನು ಕಪ್ಪು ಮಾಡಿ, ಪೇಟೆಯ ಫೋಟೋ ಅಂಗಡಿಗೆ ಒಯ್ದೆ. ಅವರ ಬಣ್ಣದ ಯಂತ್ರದಿಂದ ಹೊರಬಂದ ಅತ್ತೆಯ ಮುಖ ಹಸಿರಿಗೆ ತಿರುಗಿತ್ತು, ಸೀರೆ ಕೆಂಪಡರಿತ್ತು. ಅಂಗಡಿಯವರು ಪಾಪ ಒಳ್ಳೆಯವರು. ಸುಮ್ಮನೆ ಕಲರ್ ಮಾಡಿಕೊಡುತ್ತೇನೆ ಸಾರ್ ಎಂದು ಕೆನ್ನೆಗೆ ಗುಲಾಬಿಯನ್ನೂ ಆಕಾಶಕ್ಕೆ ನೀಲಿಯನ್ನೂ ಬಳಿದು ಇನ್ನೊಂದು ಪ್ರತಿ ತೆಗೆದರು. ಅತ್ತೆ ಎರಡನ್ನೂ ವಾರೆನೋಟದಿಂದ ನೋಡಿದರು. ನಡುವಿನ ದೃಷ್ಟಿ ಮಸುಕಾದವರು ಹಾಗೆ ಕತ್ತು ಓರೆ ಮಾಡಿ ಕಣ್ಣಂಚಿನಿಂದಲೇ ನೋಡಬೇಕು.

"ಒಂದರಲ್ಲಿ ಕಾಮಾಲೆ, ಇನ್ನೊಂದರಲ್ಲಿ ನಾಟಕದ ಬಣ್ಣ. ಆವತ್ತು ಆಕಾಶ ನೀಲಿ ಇತ್ತು ಅಂತ ಅವನಿಗೆ ಯಾರು ಹೇಳಿದ್ದು? ಕೈಲ್ ಮುಹೂರ್ತಕ್ಕೆ ಎಲ್ಲಿ ಬರ್ತದೆ ನೀಲಿ ಆಕಾಶ?"

ನಿಜವಲ್ಲವೇ? ವರ್ಷದ ಬಹುಪಾಲನ್ನು ಮೋಡದೊಳಗೆ ಕಳೆಯುವ ನಮಗಿಂತ ಬೂದುಬಣ್ಣವನ್ನು ಬಲ್ಲವರು ಯಾರಿದ್ದಾರೆ! ಬೆಳಗಿನ ಮಂಜಿನದೊಂದು ಬೂದು, ಮಳೆ ಕಟ್ಟಿಕೊಂಡ ಬೆಟ್ಟದ್ದೊಂದು, ನೆನೆದ ಸಿಲ್ವರ್ ಓಕಿನ ಕಾಂಡದ್ದೊಂದು, ಆರಿದ ಒಲೆಯದು ಮತ್ತೊಂದು. ಬಣ್ಣದ ಪ್ರಿಂಟರಿಗೆ ಈ ಸಿರಿ ಗೊತ್ತಿಲ್ಲ. ಅದರ ಬಳಿ ಬೂದು ಎಂಬ ಶಾಯಿಯೇ ಇಲ್ಲ. ನೀಲಿ, ನಸುಗೆಂಪು, ಹಳದಿಗಳನ್ನು ಕಲಸಿ ಬೂದು ಎಂದು ನಂಬಿಸಲು ನೋಡುತ್ತದೆ. ಮೂವರಲ್ಲಿ ಒಬ್ಬರು ಒಂದಿಷ್ಟು ಮುಂದೆ ಬಂದರೂ ಗುಟ್ಟು ರಟ್ಟು. ಹಾಗಾದರೆ ಬಣ್ಣಗಳನ್ನೆಲ್ಲ ಓಡಿಸಿ, ಅವುಗಳ ಡಬ್ಬಿಯಲ್ಲೆಲ್ಲ ಬರಿಯ ಬೂದನ್ನೇ ತುಂಬಿದರೇನು ಎಂಬ ಯೋಚನೆ ಹೊಳೆದದ್ದು ಆಗಲೇ. ಅಂತರ್ಜಾಲದಲ್ಲಿ ಹುಡುಕಿದರೆ, ಇದೇ ಹುಚ್ಚು ಹಿಡಿದವರು ದೇಶದೇಶಗಳಲ್ಲಿ ಇದ್ದಾರೆ! ಅವರಿಗೆ ಹೊಸ ಯಂತ್ರ ಬೇಡ. ಜಗತ್ತು ಬಿಸಾಡಿದ ಹಳೆಯ ಇಂಕ್‌ಜೆಟ್ಟೇ ಬೇಕು.

ನಾನು ಇಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವನು. ಆರು ಶಾಯಿಯ ಹಳೆಯ ಪ್ರಿಂಟರೊಂದು ಕಾಲೇಜಿನ ಮೆಟ್ಟಿಲ ಕೆಳಗೆ ಗುಜರಿಯವನ ದಾರಿ ಕಾಯುತ್ತಿತ್ತು. ಪ್ರಾಂಶುಪಾಲರನ್ನು ಕೇಳಿ ಮನೆಗೆ ತಂದೆ. ಸುಮ ಬಾಗಿಲಲ್ಲೇ ತಡೆದು, ಈಗಾಗಲೇ ಸತ್ತಿರುವುದನ್ನು ಯಾರಾದರೂ ಮನೆಯೊಳಗೆ ತರುತ್ತಾರಾ ಎಂದಳು. ಸತ್ತಿಲ್ಲ, ಗಂಟಲು ಒಣಗಿದೆ ಎಂದೆ. ಹಳೆಯ ಪ್ರಿಂಟರುಗಳ ಕಾಯಿಲೆ ಸಾಮಾನ್ಯವಾಗಿ ಅಷ್ಟೇ: ಶಾಯಿ ಚಿಮ್ಮುವ, ಕೂದಲಿಗಿಂತ ಸಣ್ಣ ತೂತುಗಳಲ್ಲಿ ಹಳೆಯ ಶಾಯಿ ಗರಣೆಗಟ್ಟಿರುತ್ತದೆ. ಕೆಲಸವಿಲ್ಲದೆ ಕೂತದ್ದಕ್ಕೆ ಬಂದ ರೋಗ, ಮನುಷ್ಯರಿಗೂ ಬರುವಂಥದ್ದೇ. ಬಟ್ಟಿ ಇಳಿಸಿದ ನೀರನ್ನು ಉಗುರುಬೆಚ್ಚಗೆ ಮಾಡಿ, ಸಿರಿಂಜಿಗೆ ಸಣ್ಣ ಕೊಳವೆ ಸಿಕ್ಕಿಸಿ, ಕೂಸಿಗೆ ಔಷಧ ಕುಡಿಸುವ ತಾಳ್ಮೆಯಿಂದ ಒಂದೊಂದೇ ಬಾಯಿಗೆ ಬಿಟ್ಟೆ. ಕೆಳಗೆ ಹಾಸಿದ ಹಳೆಯ ಪಂಚೆಯ ಮೇಲೆ ವರ್ಷಗಳ ನೀಲಿ, ಕೆಂಪು ಇಳಿದು ಬಂದವು. ಹಳದಿಯ ಬಾಯಿ ಏನು ಮಾಡಿದರೂ ತೆರೆಯಲಿಲ್ಲ. ಹೋಗಲಿ, ನನಗೆ ಐದು ಬಾಯಿ ಸಾಕಿತ್ತು.

ದಟ್ಟ ಕಪ್ಪು ಶಾಯಿಯನ್ನು ಅದರದೇ ಬಣ್ಣವಿಲ್ಲದ ತಿಳಿದ್ರವದಲ್ಲಿ ತೆಳುವಾಗಿಸುತ್ತ ಹೋದೆ. ಮೊಸರು, ಮಜ್ಜಿಗೆ, ನೀರುಮಜ್ಜಿಗೆ ಎಂದು ಮನೆಯಲ್ಲಿ ಇಳಿಸಿಕೊಂಡು ಹೋಗುವ ಹಾಗೆಯೇ ಕಪ್ಪಿನಿಂದ ಮಂಜಿನವರೆಗೆ ಇಳಿಸಿ ಐದು ಡಬ್ಬಿ ತುಂಬಿದೆ. ಯಾವ ನೆರಳಿಗೆ ಯಾವ ಡಬ್ಬಿ ಎಂದು ಯಂತ್ರಕ್ಕೆ ತಿಳಿಹೇಳುವ ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ್ದರು. ತೂತುಗಳು ತೆರೆದಿವೆಯೇ ಎಂದು ನೋಡುವ ಪರೀಕ್ಷೆಯ ಹಾಳೆ ಹೊರಬಂತು. ಐದು ಸಾಲುಗಳಲ್ಲಿ ಒಂದು ಗೆರೆಯೂ ಮುರಿದಿರಲಿಲ್ಲ. ನಾನು ಕುಣಿದೆನೆಂದು ಸುಮ ಹೇಳುತ್ತಾಳೆ. ಇರಬಹುದು.

ಆದರೆ ಹೊರಗೆ ಮಳೆ ಹೊಯ್ಯುತ್ತಿತ್ತು. ದೂರದೇಶದ ಆ ಪುಣ್ಯಾತ್ಮರ ಲೆಕ್ಕದಲ್ಲಿ ಕೊಡಗಿನ ಶ್ರಾವಣ ಸೇರಿರಲಿಲ್ಲ. ಹಪ್ಪಳದಂತೆ ಗರಿಗರಿಯಾಗಿರಬೇಕಾದ ಕಾಗದ ಅಷ್ಟರಲ್ಲೇ ತೇವ ಕುಡಿದು ಹಸಿ ದೋಸೆಯಾಗಿತ್ತು. ಅತ್ತೆಯ ಚಿತ್ರ ತೆಗೆದರೆ ಶಾಯಿ ಬಿದ್ದಲ್ಲಿ ನಿಲ್ಲದೆ ಹರಿಯಿತು. ಅತ್ತೆ ಹಾಳೆಯನ್ನು ಓರೆಗಣ್ಣಿಗೆ ಹಿಡಿದರು.

"ಎಲ್ಲ ಸರಿ, ನಂಗೆ ಮೀಸೆ ಯಾಕೆ ಬರೆದಿದ್ದಿ?"

ನಗು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಹಿಂದಿನ ತಿಂಗಳು ಕ್ಯಾಲೆಂಡರಿನ ಅಂಕಿಗಳನ್ನು ಓದುತ್ತಿದ್ದ ಅತ್ತೆ ಈಗ ಸುಮಳನ್ನು ಕೂಗಿ ತಿಥಿ ಕೇಳುತ್ತಿದ್ದರು. ಮಳೆ ನಿಲ್ಲಲಿ ಎಂದು ಕಾಯುವಂತಿರಲಿಲ್ಲ. ಮಳೆ ನಿಂತಾಗ ಅವರ ಕಣ್ಣಲ್ಲಿ ಎಷ್ಟು ಬೆಳಕು ಉಳಿದಿರುತ್ತದೋ ಯಾರು ಬಲ್ಲರು. ಆಗಲೇ ನಾನು ಬೀರುವಿನ ಬಾಗಿಲು ತೆರೆದು, ಬಲ್ಬಿನ ಎದುರು ನಿಂತು, ಸೀರೆಗಳ ಮೇಲೆ ಕಣ್ಣು ಹಾಕಿದ್ದು.

"ಒಂದು ಸೀರೆಗೆ ಬೂಷ್ಟು ಬಂದ್ರೂ ನಿಮ್ಮ ಪ್ರಿಂಟರು ಹೊಳೆಗೆ, ಹೇಳಿದ್ದೇನೆ" ಎಂದಳು ಸುಮ. ಹಾಗೆನ್ನುತ್ತಲೇ, ಮದುವೆಯ ಧಾರೆ ಸೀರೆಯನ್ನು ತಾನೇ ತೆಗೆದು, ಕಾಗದಕ್ಕೆ ಜಾಗ ಮಾಡಿಕೊಟ್ಟಳು.

ಆ ಶಾಖದಲ್ಲಿ ಕಾಗದ ಗರಿಗಟ್ಟಿತು. ಬೀರುವಿನಿಂದ ತೆಗೆದದ್ದನ್ನು ತಣಿಯಲು ಬಿಡದೆ ಪ್ರಿಂಟರಿಗೆ ಉಣಿಸಿದೆ. ಅದು ಮುದಿ ಎತ್ತಿನಂತೆ ಮುಲುಗುತ್ತ, ಒಂದೊಂದೇ ಎಳೆ ಎಳೆಯುತ್ತ, ಮೊದಲು ಮೋಡವನ್ನು, ಆಮೇಲೆ ನಳಿಗೆಯನ್ನು, ಆಮೇಲೆ ಹಣೆಯನ್ನು, ಕೊನೆಗೆ ಆ ಕಣ್ಣುಗಳನ್ನು ಹೊರಗಿಟ್ಟಿತು. ನನಗೆ ಗೊತ್ತಿರುವ ಅತ್ತೆಗೆ ಬಿಳಿಗೂದಲು, ದಪ್ಪ ಕನ್ನಡಕ. ಇವಳು ಯಾರು? ಕೆಳದುಟಿಯನ್ನು ಕಚ್ಚಿ ನಗು ತಡೆದುಕೊಂಡಿದ್ದಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಜಗತ್ತಿನಲ್ಲಿ ಯಾರೊಬ್ಬರ ಅಪ್ಪಣೆಯನ್ನೂ ಕೇಳುವ ಹಾಗೆ ಕಾಣುವುದಿಲ್ಲ. ನನ್ನ ಕಣ್ಣು ತುಂಬಿ ಬಂತು.

ಅತ್ತೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಒಯ್ದರು. ಕತ್ತನ್ನು ಅತ್ತ ವಾಲಿಸಿ, ಇತ್ತ ವಾಲಿಸಿ, ಚೂರುಚೂರಾಗಿ ತಮ್ಮನ್ನು ತಾವು ನೋಡಿಕೊಂಡರು. ಆಮೇಲೆ ನಳಿಗೆಯ ತುದಿಯ ಮೇಲೆ ಬೆರಳಿಟ್ಟರು.

"ಹೂವಿನ ಕೆಂಪು ಸರಿಯಾಗಿ ಬಂದಿದೆ ನೋಡು."

ಓದುಗ ಮಿತ್ರರೇ, ಆ ಹಾಳೆಯಲ್ಲಿ ಕೆಂಪಿನ ಒಂದು ಕಣವೂ ಇರಲಿಲ್ಲ. ಅಂಗಡಿಯ ಲಕ್ಷ ಬಣ್ಣಗಳು ತರಲಾರದ ಕೆಂಪನ್ನು ನನ್ನ ಐದು ಡಬ್ಬಿ ಬೂದು ತಂದಿತ್ತು. ಬಣ್ಣದ ಚಿತ್ರ ಎಲ್ಲವನ್ನೂ ತಾನೇ ಹೇಳಿ ಮುಗಿಸುತ್ತದೆ. ಕಪ್ಪುಬಿಳುಪು ನಮಗೆಂದು ಒಂದಿಷ್ಟು ಕೆಲಸ ಉಳಿಸಿರುತ್ತದೆ. ಆ ಕೆಲಸಕ್ಕೆ ಕಣ್ಣಿನ ನಡುಭಾಗ ಬೇಕಿಲ್ಲವೆಂದು ಅಂದು ತಿಳಿಯಿತು. ನಾನು ಗೆದ್ದೆ, ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಚೌಕಟ್ಟು ಹಾಕಿಸಿ ತಂದ ದಿನ ಎಲ್ಲಿ ತೂಗುಹಾಕುವುದೆಂಬ ಪ್ರಶ್ನೆ ಎದ್ದಿತು. ನಮ್ಮ ಪಡಸಾಲೆಯಲ್ಲಿ ಗತಿಸಿದ ಹಿರಿಯರ ಸಾಲೊಂದಿದೆ. ಅಲ್ಲಿ ಬೇಡ, ಅಪಶಕುನ ಎಂದಳು ಸುಮ. ಅತ್ತೆ ಒಪ್ಪಲಿಲ್ಲ, ಚಿತ್ರವನ್ನು ಒಲೆಗೆ ಹಾಕಿದ ತಮ್ಮ ಅಪ್ಪನ ಫೋಟೋದ ಪಕ್ಕದಲ್ಲೇ ಅದು ಇರಬೇಕು, ಅವರು ದಿನಾ ನೋಡಬೇಕು ಎಂದು ಹಟ ಹಿಡಿದರು. ಮೊಳೆ ಹೊಡೆದೆ. ನಮ್ಮ ಕಡೆ ಜೀವಂತ ಇರುವವರಿಗೆಲ್ಲ ಬಣ್ಣ, ಹೋದವರಿಗೆ ಮಾತ್ರ ಕಪ್ಪುಬಿಳುಪು ಎಂಬ ಅಲಿಖಿತ ನಿಯಮವೊಂದು ಗೋಡೆಗಳ ಮೇಲೆ ಎಂದಿನಿಂದಲೂ ಜಾರಿಯಲ್ಲಿರುವುದು ನನಗೆ ಆಗ ಹೊಳೆಯಲಿಲ್ಲ. ಹಾಲಿನವರು ಚಪ್ಪಲಿ ಬಿಟ್ಟು ಒಳಗೆ ಇಣುಕಿ, ತಗ್ಗಿದ ದನಿಯಲ್ಲಿ ಮಾತಾಡಿ ಹೋದಾಗಲೂ ಅರ್ಥವಾಗಲಿಲ್ಲ.

ಮರುವಾರ ಬೊಳ್ಳಮ್ಮ ಬಂದರು. ಮೈಸೂರಿನ ಮಗಳ ಮನೆಯಲ್ಲಿ ಕೆಲವು ತಿಂಗಳಿದ್ದು, ಪಾಲಿಬೆಟ್ಟದ ಮನೆಗೆ ಮರಳಿದವರೇ, ಎಂದಿನಂತೆ ತೋಟದ ಗುಲಾಬಿ ಹಿಡಿದು ಜೀಪಿನಿಂದ ಇಳಿದಿದ್ದರು. ಪಡಸಾಲೆಗೆ ಕಾಲಿಟ್ಟವರ ಕಣ್ಣು ಸಾಲಿನ ಕೊನೆಯ ಚಿತ್ರದ ಮೇಲೆ ಬಿತ್ತು. ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಅಯ್ಯೋ ಶಾರದಾ! ಯಾವಾಗ ಆಯ್ತು? ನನಗೊಂದು ಫೋನ್ ಮಾಡ್ಬಾರ್ದಿತ್ತಾ ನೀವು?" ಎಂದವರೇ ಗೊಳೋ ಎಂದು ಅಳುತ್ತ, ನಾನು ಬಾಯಿ ತೆರೆಯುವಷ್ಟರಲ್ಲಿ, ಗುಲಾಬಿಯನ್ನು ಚೌಕಟ್ಟಿಗೆ ಸಿಕ್ಕಿಸಲು ಕೈಯೆತ್ತಿದರು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ, ಕಾಫಿಲೋಟ ಹಿಡಿದು ನಿಂತಿದ್ದರು.

"ಬೊಳ್ಳೂ, ಅವಳಿಗೆ ಆಗ್ಲೇ ಒಂದು ಹೂ ಉಂಟು. ಅದನ್ನ ಇಲ್ಲಿ ಕೊಡು."

ಬೊಳ್ಳಮ್ಮ ಚೀರಿದರು, ಆಮೇಲೆ ಬೈದರು, ಆಮೇಲೆ ಅಪ್ಪಿಕೊಂಡು ಮತ್ತೆ ಬೈದರು. ಅತ್ತೆ ಅದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಗುಲಾಬಿಯನ್ನು ಕಿತ್ತುಕೊಂಡು ತಮ್ಮ ಬಿಳಿಯ ತುರುಬಿಗೆ ಸಿಕ್ಕಿಸಿ, ಅಪ್ಪನ ಫೋಟೋದ ಎದುರಿಗೆ ಹೋಗಿ ನಿಂತು, ಸರಿಯಾಗಿ ಕಾಣಲೆಂದು ಕತ್ತು ಓರೆ ಮಾಡಿ, ಕೋವಿಯ ಗುರಿ ಹಿಡಿದವರ ಹಾಗೆ ಒಂದು ಕಣ್ಣು ಮುಚ್ಚಿದರು.