ಕಪ್ಪು ಅಂಚಿನ ಪ್ರವಾಸ

ದೊಬ್ರಿನ್ಕಾ ಮೂವತ್ತೊಂದು ವರ್ಷ ಅಂಚೆ ಹಂಚಿದವಳು. ಊರಿನವರು ಏನನ್ನು ಓದುತ್ತಾರೆ, ಏನನ್ನು ಓದದೆ ಒಲೆಗೆ ಹಾಕುತ್ತಾರೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ಪಾದ್ರಿಗೂ ಗೊತ್ತಿರಲಿಲ್ಲ. ಬೇರೆಯವರ ಕಾರ್ಡುಗಳನ್ನು ಓದುತ್ತಿದ್ದಳು, ಅದನ್ನು ಮುಚ್ಚಿಟ್ಟವಳೂ ಅಲ್ಲ. ಕಾರ್ಡು ತೆರೆದೇ ಬರುತ್ತದೆ, ಕಣ್ಣು ಮುಚ್ಚಿಕೊಂಡು ವಿಳಾಸ ಹುಡುಕುವುದು ಹೇಗೆ ಎಂದು ಕೇಳುತ್ತಿದ್ದಳು. ಆ ಕಾರ್ಡುಗಳಲ್ಲಿ ಬಹಳಷ್ಟು ಕೊಪ್ರಿವ್ಷ್ಟಿತ್ಸದಿಂದ ಬರುತ್ತಿದ್ದವು. ಬೆಟ್ಟದ ನಡುವಿನ ಆ ಹಳೆಯ ಊರಿನ ಮನೆಗಳು ಕಾರ್ಡಿನ ಮೇಲೆ ಎಷ್ಟು ನೀಲಿಯಾಗಿರುತ್ತಿದ್ದವೆಂದರೆ, ಅದು ಗೋಡೆಯ ಬಣ್ಣವೋ ಅಚ್ಚು ಹಾಕಿದವನ ಸುಳ್ಳೋ ಎಂಬ ಅನುಮಾನ ಅವಳನ್ನು ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಆದರೂ ಒಮ್ಮೆಯೂ ಹೋಗಿರಲಿಲ್ಲ. ಗಂಡ ಸ್ತಾಮೆನ್ ಬದುಕಿದ್ದಷ್ಟು ದಿನ ಶನಿವಾರ ಮೀನು ಹಿಡಿಯುತ್ತಿದ್ದ, ಭಾನುವಾರ ಆ ಮೀನಿನ ಬಗ್ಗೆ ಮಾತಾಡುತ್ತಿದ್ದ. ಪ್ರವಾಸಕ್ಕೆ ಮೂರನೆಯ ದಿನ ಇರಲಿಲ್ಲ.

ಈಗ ಅವಳಿಗೆ ಎಪ್ಪತ್ತೊಂದು. ಊರಿನ ಪಿಂಚಣಿದಾರರ ಕ್ಲಬ್ಬಿನ ಕಾರ್ಯದರ್ಶಿ. ಕ್ಲಬ್ಬು ಪ್ರತಿ ಮೇ ತಿಂಗಳಲ್ಲಿ ಒಂದು ದಿನದ ಪ್ರವಾಸ ಹೋಗುತ್ತದೆ, ಹದಿನೇಳು ವರ್ಷದಿಂದ ಒಂದೇ ಕಡೆಗೆ: ಬಿಸಿನೀರಿನ ಬುಗ್ಗೆಯ ಊರಿಗೆ. ಅಧ್ಯಕ್ಷ ನೈದೆನ್ ಕುತ್ಸಾರೊವ್‌ಗೆ ಅಲ್ಲಿ ಕೊಳದ ಪಕ್ಕ ಇಸ್ಪೀಟಾಡುವ ಮೇಜೊಂದಿತ್ತು. ಹಿಂದೆ ಸಹಕಾರಿ ಸಂಘದ ಧಾನ್ಯದ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಜನರನ್ನೂ ಮೂಟೆಗಳ ಹಾಗೆ ಎಲ್ಲಿಟ್ಟರೆ ಅಲ್ಲೇ ಇರುತ್ತಾರೆಂದು ತಿಳಿದಿದ್ದ.

ಈ ವರ್ಷ ಕೊಪ್ರಿವ್ಷ್ಟಿತ್ಸಕ್ಕೆ ಹೋಗೋಣವೆಂದು ದೊಬ್ರಿನ್ಕಾ ಸಭೆಯಲ್ಲಿ ಎದ್ದು ನಿಂತಳು. ಅಲ್ಲೆಲ್ಲ ಕಲ್ಲುಹಾಸಿನ ಏರುದಾರಿ, ನಮ್ಮ ಸದಸ್ಯರಲ್ಲಿ ಹನ್ನೊಂದು ಸೊಂಟದ ಕೀಲುಗಳು ಕೃತಕ ಎಂದು ನೈದೆನ್ ಲೆಕ್ಕ ಕೊಟ್ಟ. ಅವಳು ಆ ಊರಿನ ಒಂದು ವಸತಿಗೃಹಕ್ಕೆ ಫೋನು ಮಾಡಿ, ದಾರಿಯಲ್ಲಿ ಕೂರಲು ಎಷ್ಟು ಬೆಂಚುಗಳಿವೆ ಎಂದು ಕೇಳಿದಳು. ಅಲ್ಲಿಯ ಯಜಮಾನಿ ಮಾರನೆಯ ದಿನ ಎಣಿಸಿಕೊಂಡು ಬಂದು ಹೇಳಿದಳು: ಒಂಬತ್ತು, ಅದರಲ್ಲಿ ಎರಡು ಬಿಸಿಲಿಗೆ. ಎರಡನೆಯ ಸಭೆಯಲ್ಲಿ ಇತಿಹಾಸದ ಬಗ್ಗೆ ಎರಡು ನಿಮಿಷ, ಶೌಚಾಲಯದ ಬಗ್ಗೆ ಐವತ್ತು ನಿಮಿಷ ಚರ್ಚೆ ನಡೆಯಿತು. ಅದಕ್ಕೂ ಅವಳ ಬಳಿ ನಕ್ಷೆಯಿತ್ತು. ಕೊನೆಗೆ ನೈದೆನ್ ನಗುತ್ತ ಒಂದು ಷರತ್ತು ಹಾಕಿದ. ಪ್ರವಾಸದ ಶನಿವಾರ ಅವಳು ಗೊತ್ತುಮಾಡಿದ ಹೊತ್ತಿಗೆ ಬಸ್ಸಿನಲ್ಲಿ ಇಪ್ಪತ್ತೆಂಟು ಜನ ಕೂತಿದ್ದರೆ ಬೆಟ್ಟಕ್ಕೆ. ಒಬ್ಬರು ಕಮ್ಮಿಯಾದರೂ ಚಾಲಕ ಬಸ್ಸನ್ನು ಬುಗ್ಗೆಯ ಕಡೆ ತಿರುಗಿಸಬೇಕು. ಇನ್ನು ಮುಂದೆ ಬೆಟ್ಟದ ಮಾತು ಎತ್ತಕೂಡದು.

ಅವಳು ಕ್ಲಬ್ಬಿನ ಹಲಗೆಯ ಮೇಲೆ ಪ್ರಕಟಣೆ ಹಚ್ಚಿದಳು. ಹದಿನೈದು ದಿನದಲ್ಲಿ ಒಂಬತ್ತು ಹೆಸರು ಬಂದವು, ಎರಡು ಪೆನ್ಸಿಲ್ಲಿನಲ್ಲಿ.

"ನಿನ್ನ ಚೀಟಿ ಯಾರು ಓದ್ತಾರೆ ದೊಬ್ರಿನ್ಕಾ?" ಎಂದ ನೈದೆನ್. "ಈ ಊರಲ್ಲಿ ಯಾರೂ ಏನೂ ಓದಲ್ಲ."

ಅದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ಊರಿನವರು ಒಂದನ್ನು ತಪ್ಪದೆ ಓದುತ್ತಿದ್ದರು. ಬಾಗಿಲು, ಮರ, ವಿದ್ಯುತ್ ಕಂಬ, ಬಸ್ ನಿಲ್ದಾಣ, ಎಲ್ಲ ಕಡೆ ಹಚ್ಚುವ ಸಾವಿನ ಚೀಟಿ. ಸತ್ತ ದಿನ ಒಂದು, ನಲವತ್ತನೆಯ ದಿನಕ್ಕೊಂದು, ಆರು ತಿಂಗಳಿಗೊಂದು, ಆಮೇಲೆ ವರ್ಷಕ್ಕೊಂದು. ಹಾಲಿಗೆ ಹೊರಟವರು ಹಾಲು ಮರೆತಾರು, ಹೊಸ ಚೀಟಿಯ ಮುಂದೆ ನಿಲ್ಲದೆ ಹೋಗಲಾರರು.

ಗುರುವಾರ ಮಧ್ಯಾಹ್ನ ಅವಳು ಅಂತ್ಯಕ್ರಿಯೆಯ ಅಂಗಡಿಗೆ ಹೋಗಿ ತನ್ನದೇ ಫೋಟೋ ಮುಂದಿಟ್ಟಳು. ಅಲ್ಲಿ ಚೀಟಿ ಅಚ್ಚು ಹಾಕುವ ರಲಿತ್ಸಾ ಅದನ್ನು ನೋಡಿ, ಅವಳನ್ನು ನೋಡಿ, ಮತ್ತೆ ಅದನ್ನು ನೋಡಿದಳು.

"ಇದನ್ನ ಈಗ್ಲೇ ಮಾಡಿಸ್ತಿದ್ದೀರಾ ಚಿಕ್ಕಮ್ಮ? ಎಲ್ರೂ ಆಮೇಲೆ ಮಾಡಿಸ್ತಾರೆ."

"ಆಮೇಲೆ ನಾನು ತಿದ್ದೋಕಾಗಲ್ಲ. ಕಪ್ಪಂಚು ದಪ್ಪಗಿರ್ಲಿ."

ಮೇಲೆ ಶಿಲುಬೆ ಬೇಕೋ ಎಲೆಯ ಕೊಂಬೆ ಬೇಕೋ ಎಂದಳು ರಲಿತ್ಸಾ. ಬಸ್ಸಿನ ಚಿತ್ರವಿಲ್ಲದ ಕಾರಣ ದೊಬ್ರಿನ್ಕಾ ಕೊಂಬೆಗೆ ಒಪ್ಪಿದಳು. ಮೇಲಿನ ಅರ್ಧ ಶಾಸ್ತ್ರೋಕ್ತವಾಗಿತ್ತು: ಭಾರವಾದ ಹೃದಯದಿಂದ ತಿಳಿಸುವುದೇನೆಂದರೆ, ಪ್ರೀತಿಯ ದೊಬ್ರಿನ್ಕಾ ಯೊರ್ದಾನೊವಾ, ಅರವತ್ತೆಂಟು ವರ್ಷ, ಶನಿವಾರ ಬೆಳಿಗ್ಗೆ ಆರೂವರೆಗೆ ಅಂಚೆ ಕಚೇರಿಯ ಮುಂದಿನಿಂದ ನಮ್ಮನ್ನಗಲಿ ಹೊರಡಲಿದ್ದಾರೆ. ಕೆಳಗಿನ ಅರ್ಧದಲ್ಲಿ, ಅವರು ಕೊಪ್ರಿವ್ಷ್ಟಿತ್ಸಕ್ಕೆ ಹೊರಡುವುದಾಗಿಯೂ, ಸಂಜೆ ಎಂಟಕ್ಕೆ ಹಿಂತಿರುಗುವುದಾಗಿಯೂ, ಜೊತೆಗೆ ಬರುವ ಬಂಧುಮಿತ್ರರು ಬುತ್ತಿ ತರಬೇಕೆಂದೂ, ಒಂಬತ್ತು ಬೆಂಚುಗಳಿವೆ ಎಂದೂ ಇತ್ತು. ಅರವತ್ತು ಪ್ರತಿ. ಹಳೆಯ ಅಂಚೆಯ ದಾರಿ ಹಿಡಿದು ಕತ್ತಲಾಗುವ ಮೊದಲೇ ಎಲ್ಲವನ್ನೂ ಅಂಟಿಸಿ ಬಂದಳು. ನೈದೆನ್ ಮನೆಯ ಗೇಟಿಗೆ ಎರಡು.

ಶುಕ್ರವಾರ ಊರಿನಲ್ಲಿ ಬೇರೆ ಮಾತಿರಲಿಲ್ಲ. ಬೇಕರಿಯ ಮುಂದೆ ಮೂವರು ಹೆಂಗಸರು ಪ್ರವಾಸವನ್ನು ಬದಿಗಿಟ್ಟು ವಯಸ್ಸನ್ನು ಹಿಡಿದುಕೊಂಡರು. ಅರವತ್ತೆಂಟಂತೆ, ನಾಚಿಕೆ ಬೇಡವೇ, ಶಾಲೆಯಲ್ಲಿ ನಮಗಿಂತ ಎರಡು ತರಗತಿ ಮುಂದಿದ್ದಳು ಎಂದರು. ಜಗಳಾಡಲೆಂದೇ ಕ್ಲಬ್ಬಿಗೆ ಬಂದರು. ಬಂದವರ ಕೈಗೆ ದೊಬ್ರಿನ್ಕಾ ಪೆನ್ನು ಕೊಟ್ಟಳು. ಸಂಜೆಯ ಹೊತ್ತಿಗೆ ಹೆಸರುಗಳು ಮೂವತ್ತು ದಾಟಿದವು.

ಓದದೆ ಉಳಿದವನು ನೈದೆನ್ ಒಬ್ಬನೇ. ಅವನು ಫೋಟೋ ನೋಡಿದ, ಹೆಸರು ನೋಡಿದ, ಹೊತ್ತು ನೋಡಿದ. ಇಂಥ ಚೀಟಿಯ ಕೆಳಗೆ ಮಕ್ಕಳ ಹೆಸರುಗಳಿರುತ್ತವೆ ಎಂದು ಕನ್ನಡಕ ಜೇಬಿನಿಂದ ತೆಗೆಯಲಿಲ್ಲ. ಬೇಕರಿಗೆ ಹೋಗಿ, ಹೇಗಾಯಿತು ಎಂದು ಮೆಲ್ಲಗೆ ಕೇಳಿದ. ಬೇಕರಿಯ ಸ್ತೊಯ್ಲಾ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಮುಂದಾಳತ್ವ ವಹಿಸಿದಳು.

"ಇದ್ದಕ್ಕಿದ್ದ ಹಾಗೆ ತೀರ್ಮಾನ ಆಗೋಯ್ತು ನೈದೆನಣ್ಣ," ಎಂದಳು. "ಅವಳಿಗೆ ಬಹಳ ದಿನದಿಂದ ಹೋಗ್ಬೇಕು ಅಂತ ಇತ್ತು."

ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ತಲೆ ತಗ್ಗಿಸಿದರು, ಕೆಲವರು ನಗು ತಡೆಯಲಿಕ್ಕೆ. ಬೆಳಿಗ್ಗೆ ಆರೂವರೆಗೇ ಹೆಣ ತೆಗೆಯುವುದೇ ಎಂದು ನೈದೆನ್ ಕೇಳಿದ್ದಕ್ಕೆ, ಅಂಚೆಯವಳಲ್ಲವೇ ಎಂದರು.

ಶನಿವಾರ ಆರೂಕಾಲಿಗೆ ದೊಬ್ರಿನ್ಕಾಳನ್ನೂ ಸೇರಿಸಿದರೆ ಬಸ್ಸಿಗೆ ಇಪ್ಪತ್ತೇಳು ಜನ ಆಗಿದ್ದರು. ಮೂವರಿಗೆ ಬೆಳಗಾಗುವಷ್ಟರಲ್ಲಿ ಮಂಡಿನೋವು, ಒಬ್ಬನಿಗೆ ಮಗಳು ಬಂದಿದ್ದಳು, ಪೆನ್ಸಿಲ್ಲಿನವರಿಬ್ಬರೂ ಪತ್ತೆಯಿಲ್ಲ. ಚಾಲಕ ಎರಡು ಸಲ ಎಣಿಸಿದ. ಷರತ್ತು ಷರತ್ತೇ ಎಂದ. ಬುತ್ತಿಯ ಪದರ ರೊಟ್ಟಿ ಬಾನಿತ್ಸವನ್ನು ಯಾರೋ ಆಗಲೇ ಬಿಚ್ಚಿದ್ದರಿಂದ ಬಸ್ಸೆಲ್ಲ ಬೆಣ್ಣೆ, ಚೀಸಿನ ವಾಸನೆ ತುಂಬಿತ್ತು. ದೊಬ್ರಿನ್ಕಾ ಮೆಟ್ಟಿಲ ಬಳಿ ನಿಂತು ರಸ್ತೆ ನೋಡುತ್ತಿದ್ದಳು. ಒಬ್ಬ ಮನುಷ್ಯ, ಯಾರಾದರೂ ಸರಿ.

ಆಗ ಮೂಲೆ ತಿರುಗಿ ನೈದೆನ್ ಬಂದ. ಕಪ್ಪು ಸೂಟು, ಬಿಗಿದ ಟೈ, ಕೈಯಲ್ಲಿ ಕೆಂಪು ಕಾರ್ನೇಶನ್ ಹೂವು, ಆರು. ಅವಳನ್ನು ಕಂಡು ಮೂರು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ. ಕೈ ತಾನಾಗಿ ಹೂವನ್ನು ಮುಂದೆ ಚಾಚಿತು. ಹೂವಿನ ಜೊತೆಗೆ ಮಡಿಸಿದ ಎರಡು ಹಾಳೆಗಳೂ ಅವಳ ಕೈಗೆ ಬಂದವು.

ಅವಳು ಎಣಿಸಿದಳು. ಸತ್ತವರಿಗೆ ಸರಿಸಂಖ್ಯೆ, ಬದುಕಿದವರಿಗೆ ಬೆಸ. ಒಂದು ಹೂವು ಕಿತ್ತು ಚಾಲಕನಿಗೆ ಕೊಟ್ಟು ಐದು ತಾನಿಟ್ಟುಕೊಂಡಳು. ಆಮೇಲೆ ಹಾಳೆ ಬಿಡಿಸಿದಳು. ಸದಸ್ಯರು ತೀರಿಕೊಂಡಾಗ ಗೋರಿಯ ಬಳಿ ನಾಲ್ಕು ಮಾತಾಡುವುದು ಅಧ್ಯಕ್ಷನ ಕೆಲಸ. ಮೊದಲ ಸಾಲನ್ನು ಅವಳು ಮನಸ್ಸಿನಲ್ಲೇ ಓದಿಕೊಂಡಳು, ಎರಡನೆಯದನ್ನೂ. ಹುಬ್ಬು ಮೇಲೇರಿತು.

"ನನ್ನನ್ನೂ ಸೇರಿಸಿ ಇಪ್ಪತ್ತೇಳು ಜನ ಇದ್ದೀವಿ ಅಧ್ಯಕ್ಷರೇ," ಎಂದಳು. "ನೀವು ಹತ್ತದಿದ್ರೆ ಬುಗ್ಗೆ ಕಡೆಗೆ. ನೀವು ಗೆದ್ರಿ. ಹೊರಡೋ ಮುಂಚೆ ಇದನ್ನ ಎಲ್ರಿಗೂ ಕೇಳೋ ಹಾಗೆ ಓದ್ಲಾ? 'ನನಗೆ ಎದುರು ಮಾತಾಡುವ ಧೈರ್ಯವಿದ್ದ ಏಕೈಕ...'"

"ಓದ್ಬೇಡ," ಎಂದ ನೈದೆನ್.

"ಹತ್ತಿದ್ರೆ ನಿಮಗೇ ವಾಪಸ್ಸು."

ಕಿಟಕಿಗಳಲ್ಲಿ ಇಪ್ಪತ್ತಾರು ಮುಖಗಳಿದ್ದವು. ಸ್ತೊಯ್ಲಾ ಬೇಕರಿ ಮುಚ್ಚಿಯೇ ಬಂದಿದ್ದಳು. ನೈದೆನ್ ಟೈ ಸಡಿಲಿಸಿ, ಯಾರ ಕಡೆಗೂ ನೋಡದೆ ಮೆಟ್ಟಿಲು ಹತ್ತಿದ. ಚಾಲಕ ಇಪ್ಪತ್ತೆಂಟು ಎಂದು ಬಾಗಿಲು ಎಳೆದುಕೊಂಡ.

ಖಾಲಿ ಇದ್ದ ಸೀಟು ದೊಬ್ರಿನ್ಕಾಳ ಪಕ್ಕದ್ದೇ. ಬಸ್ಸು ಊರು ದಾಟಿ ಬೆಟ್ಟದ ದಾರಿ ಹಿಡಿಯಿತು. ಮಾತಿಗೆ ತಕ್ಕಂತೆ ಹಾಳೆಗಳನ್ನು ಅವಳು ಅವನ ಮಡಿಲಲ್ಲಿಟ್ಟಳು.

"ಎರಡೇ ಪುಟ," ಎಂದಳು. "ಪಶುವೈದ್ಯರು ಹೋದಾಗ ನಾಲ್ಕು ಓದಿದ್ರಿ."

"ಇನ್ನೂ ಬರೀತಿದ್ದೆ," ಎಂದ ನೈದೆನ್ ಕಿಟಕಿಯ ಕಡೆ ತಿರುಗಿ. "ನೀನು ಆರೂವರೆಗೆ ಅಂತ ಹಾಕಿದ್ದೆ. ಅಷ್ಟು ಬೆಳಿಗ್ಗೆ ಯಾರ್ ಸಾಯ್ತಾರೆ?"