ಪಾರ್ಟು ಸೋಮವಾರ ಬರುತ್ತೆ

ಯೂಲಾ ಗಿಟ್ಟನ್ಸ್ ಮನೆ ಮಾರಲು ಹೊರಟದ್ದು ಮೊಣಕಾಲಿನ ದೆಸೆಯಿಂದ. ಬ್ರೂಕ್ಲಿನ್ನಿನ ನಮ್ಮ ಬೀದಿಯ ಕಂದುಕಲ್ಲಿನ ಮನೆಗಳಿಗೆಲ್ಲ ಮುಂದೆ ಹನ್ನೆರಡು ಕಲ್ಲಿನ ಮೆಟ್ಟಿಲು. ಅವನ್ನು ಹತ್ತಿದ ಮೇಲೆ ಯೂಲಾಳ ಮಹಡಿಗೆ ಒಳಗೆ ಇನ್ನೂ ಹತ್ತೊಂಬತ್ತು. ಚಾರಿತ್ರಿಕ ಬೀದಿ ಎಂದು ನಗರದವರು ಫಲಕ ಹಾಕಿದ ಮೇಲೆ ಬಾಗಿಲಿನ ಬಣ್ಣ ಬದಲಿಸಲೂ ಅಪ್ಪಣೆ ಬೇಕು, ಇನ್ನು ಲಿಫ್ಟಿನ ಮಾತು ದೂರವೇ ಉಳಿಯಿತು. ಎಪ್ಪತ್ತೆಂಟರ ಯೂಲಾ ದಿನಸಿ ಚೀಲ ಹಿಡಿದು, ಮೆಟ್ಟಿಲಿಗೊಂದು ಬೈಗುಳದಂತೆ ಬೈಯುತ್ತ ಹತ್ತುವುದನ್ನು ನಾನು ಮೇಲಿನ ಮಹಡಿಯಿಂದ ವರ್ಷಗಟ್ಟಲೆ ಕೇಳಿದ್ದೇನೆ. ಭಾನುವಾರ ಮಾತ್ರ, ಚರ್ಚಿನಿಂದ ಬರುವಾಗ, ಬೈಗುಳದ ಬದಲು ಕೀರ್ತನೆ ಹಾಡುತ್ತಾಳೆ. ದನಿ ಅದೇ, ಸಿಟ್ಟೂ ಅದೇ.

ಚರ್ಚಿನ ಪಕ್ಕದಲ್ಲಿ ವೃದ್ಧರ ವಸತಿಯೊಂದಿದೆ. ಲಿಫ್ಟಿದೆ, ಬಿಸಿಲು ಬೀಳುವ ಅಂಗಳವಿದೆ. ಹನ್ನೊಂದು ವರ್ಷ ಕಾದ ಮೇಲೆ ಅವಳ ಸರದಿ ಬಂದಿತ್ತು. ಮಾರ್ಚ್ ಕೊನೆಯವರೆಗೆ ಕೋಣೆ ಹಿಡಿದಿಡುತ್ತೇವೆ, ಆದರೆ ಸ್ವಂತ ಮನೆ ಇರುವವರಿಗೆ ಇಲ್ಲಿ ಜಾಗವಿಲ್ಲ ಎಂದಿದ್ದರು. ದಲ್ಲಾಳಿ ಒಬ್ಬ ಗಿರಾಕಿಯನ್ನು ಹುಡುಕಿದ. ಅವನು ಮನೆ ನೋಡಲು ಬಂದದ್ದು ಯೂಲಾ ಚರ್ಚಿನಲ್ಲಿದ್ದಾಗ. ಕರಾರಿನಲ್ಲಿ ಸಿ. ಇಯರ್‌ವುಡ್ ಎಂದಿತ್ತು. ಬಾರ್ಬಡೋಸಿನಿಂದ ಬಂದ ನಮ್ಮ ಜನರಲ್ಲಿ ಇಯರ್‌ವುಡ್‌ಗಳು ಬೀದಿಗೊಬ್ಬರು. ಯೂಲಾ ರುಜು ಹಾಕಿದಳು.

ನಮ್ಮದು ಸಹಕಾರಿ ಮನೆ, ಎಂಟು ಕುಟುಂಬಗಳದ್ದು. ಇಲ್ಲಿ ಕೊಳ್ಳುವವನೂ ಮಾರುವವಳೂ ಒಪ್ಪಿದರೆ ಸಾಲದು. ಮನೆಯ ಮಂಡಳಿ ಅವನನ್ನು ಕೂರಿಸಿ ಮಾತಾಡಿಸಿ ಆಗಲಿ ಅನ್ನಬೇಕು. ಬೇಡ ಅಂದರೆ ಕಾರಣ ಕೊಡುವ ಹಂಗಿಲ್ಲ. ಮಂಡಳಿಯಲ್ಲಿ ಮೂವರು: ಅಧ್ಯಕ್ಷೆ ಯೂಲಾ, ಮನೆಯನ್ನೆಲ್ಲ ಬೆಚ್ಚಗಿಡುವ ಬಾಯ್ಲರ್ ನೋಡಿಕೊಳ್ಳುವ ಕೆಳಮನೆಯ ಹಾಲಿಸ್ ಪಿಂಡರ್, ಕಾರ್ಯದರ್ಶಿ ನಾನು. ತನ್ನದೇ ಮನೆಯಾದ್ದರಿಂದ ಯೂಲಾಗೆ ಈ ಸಲ ಮತವಿರಲಿಲ್ಲ.

ಗಿರಾಕಿಗಳು ಮಂಡಳಿಗೆ ಒಂದು ಪತ್ರ ಬರೆಯುವುದು ರೂಢಿ. ಈ ಮನೆಯೆಂದರೆ ನನಗೆಷ್ಟು ಪ್ರೀತಿ ಎಂದು ಬೆಣ್ಣೆ ಹಚ್ಚುವ ಪತ್ರ. ಇಯರ್‌ವುಡ್ ಎರಡು ಪುಟ ಬರೆದಿದ್ದ. ಒಂದು ಸಂಜೆ ನಾನದನ್ನು ಯೂಲಾಳ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ‘ಈ ಮನೆ ಒಂದು ಕಾಲಕ್ಕೆ ನಮ್ಮ ತಂದೆಯದು. ಇಲ್ಲಿನ ಬಾಡಿಗೆದಾರರನ್ನು ನಮ್ಮ ಕುಟುಂಬ ಮಕ್ಕಳಂತೆ ನೋಡಿಕೊಂಡಿತು. ಚಿಕ್ಕಂದಿನಲ್ಲಿ ಎಲ್ಲರೂ ನನ್ನನ್ನು ಸನ್ನಿ ಎಂದು ಕರೆಯುತ್ತಿದ್ದರು.’

ಯೂಲಾ ಮೀನು ಉಜ್ಜುತ್ತಿದ್ದಳು. ಚಾಕು ನಿಂತಿತು.

“ಇನ್ನೊಂದ್ಸಲ ಓದು.”

ಓದಿದೆ.

“ಸನ್ನಿ,” ಅಂದಳು. “ನಮ್ಮ ಸನ್ನಿ ಕಣೇ ಇವ್ನು.”

ಈ ಮನೆಗೆ ಬಂದ ಮೂವತ್ತಾರು ವರ್ಷದಲ್ಲಿ ಆ ಹೆಸರನ್ನು ನಾನು ಸಾಕಷ್ಟು ಸಲ ಕೇಳಿದ್ದೆ. ೧೯೭೯ರ ಚಳಿಗಾಲದಲ್ಲಿ ಆಗಿನ ಮಾಲೀಕ, ಸನ್ನಿಯ ಅಪ್ಪ, ಹಿರಿಯ ಇಯರ್‌ವುಡ್‌ಗೆ ಮನೆ ಖಾಲಿ ಮಾಡಿಸಿ ಮಾರಬೇಕಿತ್ತು. ನಮ್ಮವನೇ, ನಮ್ಮ ಚರ್ಚಿನವನೇ. ಬಾಡಿಗೆದಾರರು ಜಗ್ಗಲಿಲ್ಲ, ಅವನು ಬಾಯ್ಲರ್ ಆರಿಸಿದ. ಬಾಯ್ಲರ್ ಕೋಣೆಯ ಬೀಗದ ಕೈ ಇಪ್ಪತ್ತೆರಡರ ಮಗನ ಸೊಂಟದಲ್ಲಿ. ದಪ್ಪ ಕೋಟು ತೊಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಯಾರು ಕೇಳಿದರೂ ಒಂದೇ ಮಾತು: “ಬಾಯ್ಲರ್ ಪಾರ್ಟು ತರಿಸ್ತಿದೀವಿ. ಸೋಮವಾರ ಬರುತ್ತೆ.” ಹೀಗೆ ಐದು ಸೋಮವಾರ ಹೋದವು. ಯೂಲಾಳ ತಾಯಿ ಮಿಲಿಸೆಂಟ್ ಆ ನವೆಂಬರಿನಲ್ಲಷ್ಟೇ ದ್ವೀಪದಿಂದ ಬಂದಿದ್ದಳು. ಹುಟ್ಟಿದಾಗಿನಿಂದ ಹಿಮ ಕಾಣದ ಜೀವ. ಹಿಂದಿನ ಕೋಣೆಯಲ್ಲಿ ಮೂರು ಕಂಬಳಿ ಹೊದ್ದು ಕೆಮ್ಮಿ ಕೆಮ್ಮಿ ಸತ್ತಳು. ಹಾಲಿಸ್ ಅವಳನ್ನು ಹೊತ್ತು ಕೆಳಗಿಳಿಸುವಾಗ ಸನ್ನಿ ಮೆಟ್ಟಿಲಲ್ಲೇ ಇದ್ದ. ದಾರಿ ಬಿಟ್ಟು ನಿಂತು ಕೇಳಿದ, “ಈಗಾದ್ರೂ ಖಾಲಿ ಮಾಡ್ತೀರಾ, ಎರಡನೇ ಮಹಡಿ?” ಯಾರ ಹೆಸರೂ ಅವನಿಗೆ ಗೊತ್ತಿರಲಿಲ್ಲ, ಮಹಡಿಯ ಲೆಕ್ಕದಲ್ಲೇ ಕೂಗುತ್ತಿದ್ದ.

ಕೊನೆಗೆ ಖಾಲಿಯಾದದ್ದು ಇಯರ್‌ವುಡ್‌ಗಳೇ. ತೆರಿಗೆ ಕಟ್ಟದೆ ಮನೆ ನಗರದ ಪಾಲಾಯಿತು, ಬಾಡಿಗೆದಾರರೇ ಸೇರಿ ಕೊಂಡರು. ಆ ಹಳೆಯ ಬಾಡಿಗೆದಾರರು ಇನ್ನೂ ಇಲ್ಲೇ ಇದ್ದಾರೆಂದು ಸನ್ನಿಗೆ ತಿಳಿದೇ ಇರಲಿಲ್ಲ ಎಂದು ಕಾಣುತ್ತದೆ.

“ಕರಾರಿಗೆ ರುಜು ಹಾಕಿಬಿಟ್ಟಿದೀಯ,” ಅಂದೆ. “ನೀನು ಹಿಂದೆ ಸರಿಯೋ ಹಾಗಿಲ್ಲ.”

“ನಾನು ಹಿಂದೆ ಸರಿಯೋದಿಲ್ಲ. ನೀವಿಬ್ರು ಇದೀರಲ್ಲ?” ಮೀನಿನ ತಲೆಯನ್ನು ಒಂದೇ ಏಟಿಗೆ ಕತ್ತರಿಸಿದಳು. “ಕರೀರಿ ಅವನ್ನ. ಜನವರಿ ಕೊನೇ ಭಾನುವಾರ. ಹಾಲಿಸ್‌ಗೆ ಹೇಳು, ಹಿಂದಿನ ದಿನಾನೇ ಬಾಯ್ಲರ್ ಆರಿಸ್ಲಿ.”

ಎಂಟು ಮನೆಯವರನ್ನೂ ಕೇಳಿದೆವು. ಯಾರೂ ಬೇಡ ಅನ್ನಲಿಲ್ಲ. ಕೂಸಿರುವ ಮೂರನೇ ಮಹಡಿಯ ಗಂಡ ಹೆಂಡತಿ ಅಜ್ಜಿಯ ಮನೆಗೆ ಹೋದರು, ಹೋಗುವಾಗ ಏನಾಯಿತೆಂದು ಆಮೇಲೆ ಹೇಳಲೇಬೇಕು ಎಂದರು.

ಹಾಲಿಸ್ ಮಾತ್ರ ನನ್ನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿಕೊಂಡ. ಮೂವತ್ತು ವರ್ಷ ಬಸ್ ಓಡಿಸಿದವನು, ಅವಸರದ ಆಸಾಮಿಯಲ್ಲ. “ನೋಡು ತಾಯಿ, ನಡುಗಿಸೋಣ, ಬೇಡ ಅನ್ನಲ್ಲ. ಆದ್ರೆ ಕೊನೆಗೆ ಹೂಂ ಅಂದ್ಬಿಡೋಣ. ಇವನ್ನ ಬಿಟ್ರೆ ಮಾರ್ಚೊಳಗೆ ಇನ್ನೊಬ್ಬ ಸಿಗಲ್ಲ. ಅವಳ ಕಾಲು ನೋಡಕ್ಕಾಗಲ್ಲ ನಂಗೆ.” ನನಗೂ ಅದೇ ಸರಿ ಅನಿಸಿತು. ಯೂಲಾಗೆ ಹೇಳದೆ ಇಬ್ಬರೂ ಒಪ್ಪಂದ ಮಾಡಿಕೊಂಡೆವು.

ಮಾತುಕತೆ ಮಾರುವ ಮನೆಯಲ್ಲೇ ನಡೆಯಬೇಕು. ಮಾರುವವರು ಕುಡಿಯಲು ಕೊಟ್ಟು ಪಕ್ಕಕ್ಕೆ ಸರಿಯಬೇಕು. ಯೂಲಾ ಕುರ್ಚಿಗಳನ್ನು ಹಿಂದಿನ ಕೋಣೆಯಲ್ಲಿ ಹಾಕಿದ್ದಳು. ಬಾಯಿಂದ ಹೊರಟ ಉಸಿರು ಕಣ್ಣಿಗೆ ಕಾಣುತ್ತಿತ್ತು. ನಾನೂ ಹಾಲಿಸನೂ ಒಳಗೆ ಎರಡೆರಡು ಉಣ್ಣೆಯಂಗಿ ತೊಟ್ಟಿದ್ದೆವು. ಸನ್ನಿ ತೆಳ್ಳನೆಯ ಒಳ್ಳೆಯ ಸೂಟಿನಲ್ಲಿ ಬಂದ. ಅರವತ್ತಾರು ದಾಟಿದೆ, ತಲೆ ಬೆಳ್ಳಗಾಗಿದೆ, ನಗು ಮಾತ್ರ ಮಾಲೀಕನದೇ. ಅವನು ಬಾಗಿಲಲ್ಲಿ ಕಳಚಿಕೊಟ್ಟ ಕೋಟನ್ನು ಯೂಲಾ ಒಯ್ದು ಒಳಗಿಟ್ಟಳು. ಅವಳ ಮುಖವನ್ನು ಅವನು ನೋಡಿದ, ಗುರುತು ಹತ್ತಲಿಲ್ಲ. ಕ್ರಿಸ್‌ಮಸ್ಸಿಗೆ ಮಾಡಿದ ಕೆಂಪು ಪುಂಡಿಹೂವಿನ ಪಾನಕವನ್ನು ಅವಳು ಅವನ ಕೈಗೆ ಕೊಟ್ಟಳು. ಲೋಟದ ತುಂಬ ಮಂಜುಗಡ್ಡೆ.

ಅವನ ಕೈ ನಡುಗಿ ಗಡ್ಡೆಗಳು ಲೋಟದೊಳಗೆ ಸದ್ದು ಮಾಡಿದವು. ಆ ಸದ್ದು ನನಗೆ ಬಹಳ ಹಿತವಾಗಿ ಕೇಳಿತು, ಸುಳ್ಳು ಯಾಕೆ ಹೇಳಲಿ.

“ಬಾಯ್ಲರ್ ಕೆಟ್ಟಿದ್ಯಾ?” ಎಂದ.

“ಪಾರ್ಟು ತರಿಸ್ತಿದೀವಿ,” ಅಂದ ಹಾಲಿಸ್. “ಸೋಮವಾರ ಬರುತ್ತೆ.”

ಅವನ ಮುಖದಲ್ಲಿ ಏನಾದರೂ ಕದಲೀತೆಂದು ಮೂವರೂ ಕಾದೆವು. ಸನ್ನಿ ನಕ್ಕ. “ನಮ್ಮಪ್ಪನ ಕಾಲ್ದಲ್ಲಿ ಹೀಗಿರ್ಲಿಲ್ಲ ಬಿಡಿ. ಬಾಯ್ಲರ್ ಒಂದಿನ ನಿಂತಿದ್ದಿಲ್ಲ.”

ಯೂಲಾ ಬಾಗಿಲಿಗೊರಗಿ ನಿಂತಿದ್ದಳು. “ಈ ಕೋಣೇಲಿ ಯಾರಿದ್ರು ಆವಾಗ?”

“ಇಲ್ಲೀನಾ? ಯಾರೋ ಮುದುಕಿ ಅಂತ ಕಾಣುತ್ತೆ. ಯಾವಾಗ್ಲೂ ಕೆಮ್ತಿದ್ಲು. ಅಪ್ಪ ಅವ್ರಿಗೆಲ್ಲ ಎಷ್ಟು ಮಾಡಿದ್ರು, ಒಬ್ರಿಗೂ ನೆನಪಿರಲ್ಲ.”

ಹಾಲಿಸ್ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಮಿಲಿಸೆಂಟ್‌ಳನ್ನು ಹೊತ್ತ ಕೈಗಳು. ಆಮೇಲೆ ಎದ್ದು, “ಸರಿ ಸ್ವಾಮಿ, ಪತ್ರ ಬರೀತೀವಿ,” ಅಂದ. ಸನ್ನಿ ಹೋದ ಮೇಲೆ ಹಾಲಿಸ್‌ಗೆ ಮತದ ಕಾಗದ ಕೊಟ್ಟೆ. ಬೇಡ ಎಂದು ಬರೆದ ಅಕ್ಷರ ಕಾಗದ ಹರಿಯುವಷ್ಟು ಒತ್ತಿ ಬಂದಿತ್ತು. ನನ್ನ ಕಾಗದದಲ್ಲೂ ಅದೇ. ಇಷ್ಟು ಖುಷಿಯಿಂದ ಒಂದು ಶಬ್ದವನ್ನು ನಾನು ಎಂದೂ ಬರೆದಿಲ್ಲ.

“ಕಾರಣ ಬರೀತೀನಿ,” ಅಂದೆ ಯೂಲಾಗೆ. “ನಿಮ್ಮಮ್ಮನ ಹೆಸರು, ಸತ್ತ ದಿನ, ಎಲ್ಲ. ಓದಿ ಸಾಯ್ಲಿ.”

“ಬೇಡ. ಒಂದೇ ಸಾಲು. ‘ಮಂಡಳಿ ಒಪ್ಪಿಲ್ಲ.’ ಮುಗೀತು.”

“ಯಾಕೆ? ಗೊತ್ತಾಗ್ಬೇಡ್ವಾ ಅವ್ನಿಗೆ?”

“ಏ ಹುಡುಗಿ,” ಅಂದಳು. ನನಗೆ ಅರವತ್ತು ದಾಟಿದೆ, ಅವಳಿಗೆ ಲೆಕ್ಕಕ್ಕಿಲ್ಲ. “ಗೊತ್ತಾದ್ರೆ ತಪ್ಪಾಯ್ತು ಅಂತ ಕಾಲಿಗೆ ಬೀಳ್ತಾನೆ. ಬಿದ್ರೆ ನಾನು ಕ್ಷಮಿಸ್ಬೇಕಾಗುತ್ತೆ. ಚರ್ಚಿಗೆ ಹೋಗೋಳು ನಾನು.”

ಒಂದೇ ಸಾಲು ಬರೆದೆ.

ಮಾರ್ಚ್ ಮುಗಿಯಿತು, ಲಿಫ್ಟಿರುವ ವಸತಿಯ ಕೋಣೆ ಇನ್ಯಾರಿಗೋ ಹೋಯಿತು. ಏಪ್ರಿಲಿನಲ್ಲಿ ಸನ್ನಿಯೇ ಬಂದು ಕಲ್ಲಿನ ಮೆಟ್ಟಿಲ ಬುಡದಲ್ಲಿ ನಿಂತ. “ಮನೆ ಬೇಡ ತಾಯಿ, ಕಾರಣ ಹೇಳಿ ಸಾಕು. ಬಾಲ್ಯದ ಮನೆ ಅಂತ ಬಂದೆ. ನಿದ್ದೆ ಬರ್ತಿಲ್ಲ. ನಾನೇನು ಮಾಡ್ದೆ?”

ಯೂಲಾ ಕಿಟಕಿ ಎತ್ತಿದಳು. “ಕಾರ್ಯದರ್ಶಿ ಇಲ್ಲ. ಸೋಮವಾರ ಬಾಪ್ಪ.”

ಕಾರ್ಯದರ್ಶಿ ಅವಳ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವನು ಸೋಮವಾರ ಬಂದ. ಮುಂದಿನ ಸೋಮವಾರ ಬಾ ಅಂದಳು, ಆಗಲೂ ಬಂದ. ನಾಲ್ಕನೆಯ ವಾರಕ್ಕೆ ನನಗೆ ನಗು ಬರಲಿಲ್ಲ. ಐದನೆಯ ಸೋಮವಾರ ಅವನು ಏನನ್ನೂ ಕೇಳಲಿಲ್ಲ. ಮೇಲೆ ಕಿಟಕಿಯನ್ನೇ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಟೋಪಿ ತೆಗೆದ.

“ಸೋಮವಾರ,” ಎಂದ. “ಆ ಬಾಯ್ಲರ್... ಅಯ್ಯೋ ದೇವರೇ. ಎರಡನೇ ಮಹಡಿ! ನೀವು ಎರಡನೇ ಮಹಡಿ! ಅಮ್ಮಾ, ನನ್ನಿಂದ ತ—”

ಯೂಲಾ ಕಿಟಕಿಯನ್ನು ದಡ್ಡನೆ ಇಳಿಸಿ ಚಿಲಕ ಹಾಕಿದಳು. ಗಾಜಿನಾಚೆ ಅವನ ಬಾಯಿ ಬಹಳ ಹೊತ್ತು ಆಡುತ್ತಲೇ ಇತ್ತು. ಅವಳು ತಿರುಗಿ ನೋಡಲಿಲ್ಲ, ಒಲೆಯ ಮೇಲೆ ಅಕ್ಕಿ ಇಟ್ಟಳು.

ಮಾರನೆಯ ದಿನ ಸಂಜೆ ಅವಳು ದಿನಸಿ ಚೀಲ ಹಿಡಿದು ಮೆಟ್ಟಿಲು ಹತ್ತುವುದು ಕೇಳಿಸಿತು. ಹನ್ನೆರಡಾದ ಮೇಲೆ ನಿಂತು ಉಸಿರೆಳೆದುಕೊಂಡಳು, ಆಮೇಲೆ ಒಳಗಿನ ಹತ್ತೊಂಬತ್ತು. ಮಂಗಳವಾರ, ಆದರೂ ಕೀರ್ತನೆ ಹಾಡುತ್ತಿದ್ದಳು.