ಅಷ್ಟರಿಂದ ಯಾರೂ ಸಾಯುವುದಿಲ್ಲ

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಅರ್ಧ ಆಯುಸ್ಸು ಕಳೆದವಳನ್ನು ಬೀದಿಯವರು ಮೆಡಿಕಲ್ ಅಕ್ಕ ಎಂದು ಕರೆದದ್ದರಲ್ಲಿ ಆಶ್ಚರ್ಯವೇನಿಲ್ಲ. ಕೆಲಸ ಬಿಟ್ಟ ಮೇಲೂ ಆ ಹೆಸರು ಅವಳನ್ನು ಬಿಡಲಿಲ್ಲ. ಡಾಕ್ಟರುಗಳ ಕೋಳಿಕಾಲಿನ ಅಕ್ಷರ ಓದುವುದರಲ್ಲಿ ಅವಳದು ಎತ್ತಿದ ಕೈ. ಚೀಟಿಯಲ್ಲಿ ಏನಾದರೂ ಅನುಮಾನ ಬಂದರೆ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಫೋನ್ ಮಾಡಿ ಕೇಳಿ, ಆಮೇಲೇ ಮಾತ್ರೆ ಎಣಿಸುತ್ತಿದ್ದಳು.

ಅತ್ತೆಗೆ ಪಾರ್ಶ್ವವಾಯು ಬಡಿದು ಮೈಯ ಒಂದು ಪಕ್ಕ ಬಿದ್ದುಹೋದಾಗ ಮನೆಯಲ್ಲಿ ಸಭೆ ಸೇರಿತು. ಗಂಡನಿಗೆ ಶೀತಲ ಗೋದಾಮಿನಲ್ಲಿ ಉಸ್ತುವಾರಿ ಕೆಲಸ. ರಜೆ ಎಂದರೆ ಮೇಲಿನವರು ಮುಖ ಸಿಂಡರಿಸುತ್ತಾರೆ. ನಾದಿನಿಗೆ ಮಕ್ಕಳ ಕಾಟ, ಜೊತೆಗೆ ಬೇಕೆಂದಾಗ ಬರುವ ಸೊಂಟನೋವು. ಎಲ್ಲರೂ ತಂತಮ್ಮ ಕಷ್ಟ ಹೇಳಿ ಮುಗಿಸಿದ ಮೇಲೆ ಇವಳೊಬ್ಬಳು ಉಳಿದಳು. ಔಷಧಿಯ ವಿಷಯವೆಲ್ಲ ಅತ್ತಿಗೆಗೆ ಗೊತ್ತಲ್ಲ ಎಂದು ನಾದಿನಿ ಅಂದದ್ದೇ ತಡ, ತೀರ್ಮಾನವಾಗಿಹೋಯಿತು. ಇವಳಿಗೆ ಒಪ್ಪಿಗೆಯೇ ಎಂದು ಕೇಳುವ ಪುಣ್ಯಾತ್ಮರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ.

ಮನೆ ಮೂರನೆಯ ಮಹಡಿಯಲ್ಲಿತ್ತು. ಅತ್ತೆಯ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಅದಕ್ಕಂಟಿದ ತುಕ್ಕು ಹಿಡಿದ ಪೈಪು, ಅಷ್ಟೇ. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದ ಅತ್ತೆಗೆ ಕೈಕಾಲು ಸೋತರೂ ಗಂಟಲು ಸೋತಿರಲಿಲ್ಲ. ಲೋಟ ಎಲ್ಲಿಡಬೇಕು, ಪರದೆ ಎಷ್ಟು ಸರಿಸಬೇಕು ಎಂದು ಹಾಸಿಗೆಯಿಂದಲೇ ಹುಕುಂ ಹೊರಡುತ್ತಿತ್ತು. ಅವರೊಬ್ಬರನ್ನೇ ಬಿಟ್ಟು ಮೆಟ್ಟಿಲಿಳಿಯುವಂತಿರಲಿಲ್ಲ. ಹಾಲು, ಬ್ರೆಡ್ಡು, ತರಕಾರಿ ಎಲ್ಲವೂ ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಯಲ್ಲಿ ಮೇಲೆ ಬರುತ್ತಿದ್ದವು. ಆ ಬುಟ್ಟಿ ಮನಸ್ಸು ಬಂದಾಗಲೆಲ್ಲ ಬೀದಿಗೆ ಹೋಗಿ ಬರುವುದನ್ನು ಕಂಡು ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬುಟ್ಟಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಯಾರಿಗೂ ಬೇಡ.

ಕೆಳಗಿನ ಬಾಡಿಗೆ ಪುಸ್ತಕದಂಗಡಿಯಿಂದ ಕೊಲೆ ಕಾದಂಬರಿಗಳು ಬರತೊಡಗಿದ್ದೂ ಅದೇ ಬುಟ್ಟಿಯಲ್ಲಿ. ಮೊದಮೊದಲು ಸಂಸಾರದ ಕತೆಗಳನ್ನೇ ತರಿಸಿದ್ದಳು. ಅವುಗಳಲ್ಲಿ ಸೊಸೆಯರು ನಗುನಗುತ್ತಾ ಸೇವೆ ಮಾಡುವುದನ್ನು ಓದಿ ಮೈಯೆಲ್ಲ ಉರಿದು ಹಿಂದಕ್ಕೆ ಕಳಿಸಿದಳು. ಕೊಲೆಯ ಕತೆಯಲ್ಲಿ ಆ ನಾಟಕವಿಲ್ಲ. ಒಳ್ಳೆಯವರ ಹೊಟ್ಟೆಯಲ್ಲೂ ವಿಷ ಇರುತ್ತದೆಂದು ಅಲ್ಲಿ ಎಲ್ಲರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ಕತ್ತಲೆಯ ನೆಲಮಾಳಿಗೆ, ಬೀಗ ಜಡಿದ ಬಾಗಿಲು, ಹತ್ತಿರ ಹತ್ತಿರ ಬರುವ ಹೆಜ್ಜೆ ಸಪ್ಪಳ. ಎದೆ ಡವಡವ ಎನ್ನುತ್ತದೆ ನಿಜ, ಆದರೆ ಆ ನೆಲಮಾಳಿಗೆಯಿಂದ ಆಚೆ ಬರಲು ಪುಸ್ತಕ ಮುಚ್ಚಿದರೆ ಸಾಕು. ತಾನು ಇದ್ದ ಕೋಣೆಗೆ ಅಂಥ ಅನುಕೂಲ ಇರಲಿಲ್ಲ.

ಹಾಗಂತ ಸಿಕ್ಕಿದ್ದನ್ನೆಲ್ಲ ನುಂಗುವವಳಲ್ಲ. ಎಷ್ಟು ತೆಗೆದುಕೊಂಡರೆ ಮೈಗೆ ಹತ್ತುತ್ತದೆ, ಎಷ್ಟಾದರೆ ತಲೆಗೇರುತ್ತದೆ ಎಂಬ ಅಂದಾಜು ಔಷಧಿ ಅಂಗಡಿಯವಳಿಗೆ ಇದ್ದೇ ಇರುತ್ತದೆ. ಅತ್ತೆಯ ಜೊತೆ ಜಟಾಪಟಿಯಾದ ದಿನ ಅವಳು ಕೊಲೆಯ ಪುಸ್ತಕ ಮುಟ್ಟುತ್ತಿರಲಿಲ್ಲ. ಅಂಥ ದಿನಗಳಿಗೆಂದೇ ಪ್ರವಾಸದ ಪುಸ್ತಕವೊಂದನ್ನು ಕಪಾಟಿನಲ್ಲಿಟ್ಟಿದ್ದಳು. ಒಮ್ಮೆ ಮಗುವಿಗೆ ಹಿಂಸೆ ಕೊಡುವ ಕತೆ ಬಂತು. ಅರ್ಧಕ್ಕೇ ಮುಚ್ಚಿ, ಮುಗಿಸದಿದ್ದರೆ ಯಾರೂ ಗಲ್ಲಿಗೇರಿಸುವುದಿಲ್ಲ ಎಂದುಕೊಂಡು ಬುಟ್ಟಿಯಲ್ಲಿಟ್ಟು ಇಳಿಸಿಬಿಟ್ಟಳು. ಓದಿದ್ದು ತಲೆಯಲ್ಲೇ ಠಿಕಾಣಿ ಹೂಡಿದರೆ ಅಂಗಡಿಯ ಹಳೆಯ ಗೆಳತಿಗೆ ಫೋನ್ ಹಚ್ಚಿ ಕತೆಯನ್ನೆಲ್ಲ ಒಪ್ಪಿಸುವಳು. ಇಬ್ಬರೂ ಸೇರಿ ಕೊಲೆಗಾರನ ದಡ್ಡತನಕ್ಕೆ ನಗುವರು. ನಕ್ಕಮೇಲೆ ಅದು ಮತ್ತೆ ಬರೀ ಕತೆಯಾಗುತ್ತಿತ್ತು.

ಎಡವಿದ್ದು ಒಂದೇ ಕಡೆ. ಹಾಸಿಗೆ ಹಿಡಿದ ಅತ್ತೆಗೆ ಸೊಸೆ ಹಾಲಿನಲ್ಲಿ ನಿದ್ದೆಯ ಔಷಧಿ ಬೆರೆಸಿ ಕೊಡುವ ಕಾದಂಬರಿಯೊಂದು ಬಂದಿತ್ತು. ಓದುತ್ತಾ ಇವಳಿಗೆ ಹೆದರಿಕೆಯಾಗುವ ಬದಲು ಸಿಟ್ಟು ಬಂತು, ಏಕೆಂದರೆ ಬರೆದ ಮಹಾನುಭಾವನಿಗೆ ಔಷಧಿಯ ಗಂಧಗಾಳಿಯೂ ಇರಲಿಲ್ಲ. ಕೈ ಸುಮ್ಮನಿರಬೇಕಲ್ಲ. ಹಳೆಯ ಚಾಳಿಯಂತೆ ಪೆನ್ಸಿಲ್ ತೆಗೆದು ಪುಟದ ಅಂಚಿನಲ್ಲಿ ದುಂಡಗೆ ಬರೆದಳು: ಅಷ್ಟರಿಂದ ಯಾರೂ ಸಾಯುವುದಿಲ್ಲ.

ತಾಯಿಯನ್ನು ನೋಡಲು ಬಂದ ನಾದಿನಿಯ ಕೈಗೆ ಸಿಕ್ಕಿದ್ದು ಆ ಪುಟವೇ. ಓದುವ ಅಭ್ಯಾಸವಿಲ್ಲದವಳು ಅದೊಂದು ಪುಟವನ್ನು ಮಾತ್ರ ನಾಲ್ಕು ಸಲ ಓದಿದಳು. ಆಮೇಲೆ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದಳು, ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದಳು. ಸಂಜೆಯ ಹೊತ್ತಿಗೆ ಇಲಿ ಹುಲಿಯಾಗಿತ್ತು. ಭಾನುವಾರ ಗಾಡಿ ತಂದು ಅಮ್ಮನನ್ನು ತನ್ನ ಮನೆಗೆ ಕರೆದೊಯ್ಯುತ್ತೇನೆಂದು ಹೇಳಿ ಹೊರಟಳು.

ಆ ಹೊತ್ತಿನಿಂದ ಅತ್ತೆ, ಸೊಸೆ ಚಮಚ ಹತ್ತಿರ ತಂದರೆ ತುಟಿ ಬಿಗಿದು ಗೋಡೆ ನೋಡತೊಡಗಿದರು. ಅನ್ನ ಹೋಗಲಿ, ಮಾತ್ರೆಯನ್ನೂ ಮುಟ್ಟಲಿಲ್ಲ. ಮಾತ್ರೆ ತಪ್ಪಿದರೆ ಪಾರ್ಶ್ವವಾಯು ಇನ್ನೊಂದು ಸಲ ಬಡಿಯುತ್ತದೆ, ಈ ಸಲ ಉಳಿಸುವುದಿಲ್ಲ ಎಂಬುದು ಆ ಮನೆಯಲ್ಲಿ ಸರಿಯಾಗಿ ಗೊತ್ತಿದ್ದದ್ದು ಇವಳೊಬ್ಬಳಿಗೇ. ಗಂಡ ಗೋದಾಮಿನಿಂದ ಬಂದವನು ಬೈಯಲಿಲ್ಲ, ಕೇಳಲಿಲ್ಲ. ಹೆಂಡತಿ ಕಾಯಿಸಿಟ್ಟ ಹಾಲಿನ ಲೋಟ ಎತ್ತಿ, ತಾಯಿಗೆ ಕಾಣುವಂತೆ ತಾನೊಂದು ಗುಟುಕು ಕುಡಿದು, ಆಮೇಲೆ ಅವರಿಗೆ ಮಾತ್ರೆಯ ಜೊತೆ ಕುಡಿಸಿದ. ಅವನು ಕೆನ್ನೆಗೆ ಬಾರಿಸಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತಮಾಷೆಯೆಂದರೆ, ನಾದಿನಿಯ ಗಾಡಿ ಬಂದರೆ ಇವಳು ಬಿಡುಗಡೆಯಾಗುತ್ತಿದ್ದಳು. ಬಾಗಿಲು ತಾನಾಗಿಯೇ ತೆರೆದಿತ್ತು. ಆದರೆ ಅತ್ತೆಗೆ ವಿಷ ಹಾಕಹೊರಟವಳೆಂಬ ಹೆಸರು ಹೊತ್ತವಳನ್ನು ಯಾವ ಔಷಧಿ ಅಂಗಡಿಯವನು ಕೌಂಟರಿನಲ್ಲಿ ನಿಲ್ಲಿಸಿಕೊಳ್ಳುತ್ತಾನೆ? ಹೊರಗೆ ಹೋದರೆ ಕೆಟ್ಟ ಹೆಸರು, ಒಳಗೆ ಉಳಿದರೆ ಬಾಯಿ ಬಿಡದ ಅತ್ತೆ. ಅವಳು ಅಡುಗೆಮನೆಯಲ್ಲಿ ನಿಂತು ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು.

ಮರುದಿನ ಮಧ್ಯಾಹ್ನ ಮನೆಯಲ್ಲಿ ಅವರಿಬ್ಬರೇ ಇದ್ದಾಗ ಅತ್ತೆ ಕರೆದರು. ಆ ಪುಸ್ತಕ ತಂದು ಮೊದಲಿಂದ ಓದಬೇಕಂತೆ. ಅವಳು ಕುರ್ಚಿ ಎಳೆದುಕೊಂಡು, ತಪ್ಪಿತಸ್ಥ ಹುಡುಗಿಯ ಹಾಗೆ ಓದಲು ಕೂತಳು. ಎರಡು ಅಧ್ಯಾಯವಾಗುವಷ್ಟರಲ್ಲಿ ಅತ್ತೆಯ ಮುಖದ ನೆಟ್ಟಗಿದ್ದ ಅರ್ಧದಲ್ಲಿ ಕುತೂಹಲ ಕಾಣಿಸಿತು. ಪೊಲೀಸಿನವನು ಬಂದಾಗ ಇವನು ಕೆಲಸಕ್ಕೆ ಬಾರದವನು ಎಂದರು. ಇಂಥವನ್ನು ಹಾಸ್ಟೆಲಿನಲ್ಲಿ ಹುಡುಗಿಯರಿಂದ ರಾಶಿಗಟ್ಟಲೆ ಕಿತ್ತುಕೊಂಡಿದ್ದರಂತೆ. ಕಿತ್ತುಕೊಂಡು ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ, ಇನ್ನೇನು, ಕೋಣೆ ಬಾಗಿಲು ಹಾಕಿಕೊಂಡು ಓದಿದೆ ಎಂದರು.

"ಓದಿ ಹೆದರಿ, ಕಿರುಚಾಡಿ, ಆಮೇಲೆ ಊಟಕ್ಕೆ ಓಡಿ ಬರೋ ಹುಡುಗೀರ ಬಗ್ಗೆ ನಂಗೆ ಚಿಂತೆ ಇರ್ಲಿಲ್ಲ" ಎಂದರು ಅತ್ತೆ, ತೊದಲುತ್ತಾ. "ಓದಿ ಊಟ ಬಿಟ್ಟೋರು, ಒಂದೇ ಪುಟ ಮತ್ತೆ ಮತ್ತೆ ಓದೋರು ಇರ್ತಿದ್ರು. ಅವರ ಕೈಯಿಂದ ಪುಸ್ತಕ ತೊಗೊಂಡು ಪಕ್ಕದಲ್ಲಿ ಕೂತು, ಏನಾಯ್ತು ಅಂತ ಕೇಳ್ತಿದ್ದೆ."

ಆ ಪುಟ ಬಂತು. ಅವಳು ಓದಿದಳು, ಅಂಚಿನಲ್ಲಿ ಬರೆದದ್ದನ್ನೂ ನುಂಗದೆ ಓದಿದಳು. ಅತ್ತೆ ವಾರ್ಡನ್ ದನಿಯಲ್ಲೇ ಕೇಳಿದರು.

"ನಿಂಗೆ ಯಾವತ್ತಾದ್ರೂ ಹಾಗನ್ಸಿದ್ಯಾ?"

ಇಲ್ಲ ಎಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ತನಗೇನೂ ಕಷ್ಟವಿಲ್ಲ ಎಂದು ಆ ಕೋಣೆಯಲ್ಲಿ ಸುಳ್ಳು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

"ನಿಮ್ಮನ್ನ ಕೊಲ್ಬೇಕು ಅಂತ ಅನ್ಸಿಲ್ಲ ಅತ್ತೆ. ಇದೆಲ್ಲ ಮುಗೀಬಾರ್ದಾ ಅಂತ ಅನ್ಸಿದೆ. ಅದನ್ನ ಯಾರ ಹತ್ರ ಹೇಳ್ಲಿ? ಈ ಪುಸ್ತಕದಲ್ಲಿ ಆ ಸೊಸೆ ಎಲ್ಲಾ ಮಾಡ್ತಾಳೆ, ಸಿಕ್ಕಿಬೀಳ್ತಾಳೆ. ನಾನು ಪುಸ್ತಕ ಮುಚ್ಚಿ ಬಂದು ನಿಮ್ಮ ತಲೆ ಬಾಚ್ತೀನಿ."

ಅತ್ತೆ ಕಿಟಕಿಯಾಚೆಯ ಗೋಡೆಯನ್ನೇ ನೋಡುತ್ತಿದ್ದರು. "ನಂಗೆ ಹೆದರಿಕೆ ಆಗಿದ್ದು ನಿಜ" ಎಂದರು. "ನಿನ್ನ ಜಾಗದಲ್ಲಿ ನಾನಿದ್ದಿದ್ರೆ ನಂಗೂ ಅನ್ಸ್ತಿತ್ತು, ಅದಕ್ಕೆ. ಆದ್ರೆ ಈ ಬರೆದೋನು ಆ ಮುದುಕಿಗೆ ಏನನ್ಸತ್ತೆ ಅಂತ ಒಂದು ಸಾಲೂ ಬರೆದಿಲ್ಲ ನೋಡು. ಅವಳಿಗೂ ಎದ್ದು ಹೋಗ್ಬೇಕು ಅಂತ ಇರಲ್ವಾ?"

ಇಡೀ ಪುಸ್ತಕದಲ್ಲಿ ಅವಳು ತಪ್ಪು ಹುಡುಕಿದ್ದು ಔಷಧಿಯಲ್ಲಿ ಮಾತ್ರ. ಈ ತಪ್ಪು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಿಂದ ಅವಳು ತಲೆ ತಗ್ಗಿಸಿದಳು.

ಅತ್ತೆ ಮಾತ್ರೆ ಕೇಳಿ, ಅವಳ ಕೈಯಿಂದಲೇ ನುಂಗಿದರು. ಆಮೇಲೆ ಫೋನ್ ಹಿಡಿಯಲು ಹೇಳಿ ಮಗಳೊಂದಿಗೆ ಮಾತಾಡಿದರು. ಗಾಡಿ ತರಬೇಡ, ಸೊಸೆ ಬರೆದದ್ದು ಸರಿಯಾಗಿಯೇ ಇದೆ, ನಿನ್ನ ಅಣ್ಣನಿಗೂ ಹಾಲಿನ ರುಚಿ ನೋಡುವುದು ಸಾಕು ಅಂತ ಹೇಳು ಎಂದರು. ಕೊನೆಗೆ, "ನಾನೆಲ್ಲಿಗೂ ಬರಲ್ಲ. ಇರೋಷ್ಟು ದಿನ ಇವಳ ಕೈಯಲ್ಲೇ ಇರ್ತೀನಿ" ಎಂದರು.

ಅವಳ ಹೆಸರು ಉಳಿಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಫೋನ್ ಕೆಳಗಿಡುವಷ್ಟರಲ್ಲಿ ಆ ಕೊನೆಯ ಮಾತಿನ ಅರ್ಥ ಪೂರ್ತಿಯಾಗಿ ತಿಳಿದು, ಕೌಂಟರು, ಗೆಳತಿ, ಬೀದಿ ಎಲ್ಲ ಒಮ್ಮೆಗೇ ದೂರ ಸರಿದವು. ಇರುವಷ್ಟು ದಿನ ಎಂದರೆ ಎಷ್ಟು ದಿನವೋ ಯಾರಿಗೆ ಗೊತ್ತು. ಎಷ್ಟು ತಡೆದರೂ ಅವಳ ಮುಖ ಅಳುಮುಖವಾಯಿತು.

ಅತ್ತೆ ಅದನ್ನು ನೋಡಿದರು. ನೋಡಿಲ್ಲದಂತೆ ನಟಿಸಲು ಪ್ರಯತ್ನಿಸಿ, ಆಗದೆ, ಮೆಲ್ಲಗೆ ಹೇಳಿದರು.

"ಅಳೋದಿದ್ರೆ ಅತ್ತುಬಿಡು. ನಾನು ಆ ಕಡೆ ತಿರುಗಿಕೊಳ್ಳೋಣ ಅಂದ್ರೆ, ಅದಕ್ಕೂ ನೀನೇ ತಿರುಗಿಸ್ಬೇಕು."

ಅವಳು ಎದ್ದು, ಅತ್ತೆಯ ಭುಜಕ್ಕೂ ಸೊಂಟಕ್ಕೂ ಕೈಕೊಟ್ಟು ಗೋಡೆಯ ಕಡೆ ಹೊರಳಿಸಿ, ಬೆನ್ನಿಗೊಂದು ದಿಂಬು ಒತ್ತುಕೊಟ್ಟು, ಕುರ್ಚಿಯಲ್ಲಿ ಕೂತು ಅತ್ತಳು.